ಖಾಲಿ ತಟ್ಟೆಗಳ ಹಾತ್ಸುಯೊ

ಹಾತ್ಸುಯೊ ಕೂತು ಉಂಡದ್ದನ್ನು ನಮ್ಮೂರಿನಲ್ಲಿ ಕಂಡವರು ಕಡಿಮೆ. ಮದುವೆಗೆ ಕರೆದರೂ ಅಷ್ಟೇ, ಸಾವಿನ ಮನೆಗೆ ಹೋದರೂ ಅಷ್ಟೇ. ಎರಡು ತುತ್ತು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಎದ್ದು ನಿಂತು, ಯಾರ ಬಟ್ಟಲಿಗೆ ಅನ್ನ ಬೇಕು, ಯಾರ ಚಹಾ ಮುಗಿಯಿತು ಎಂದು ಸುತ್ತುವುದಕ್ಕೆ ಶುರು. ಶಿಶುವಿಹಾರದ ಅಡುಗೆಮನೆಯಲ್ಲಂತೂ ಮೂವತ್ತೊಂದು ವರ್ಷದಿಂದ ಅವಳ ಕುರ್ಚಿಯ ಮೇಲೆ ಕೂತಿರುವುದು ಈರುಳ್ಳಿ ಚೀಲ. ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾಳೆ. ಫ್ರಿಜ್ಜಿನ ಬಾಗಿಲು ಹಾಕಿದೆಯೋ ಇಲ್ಲವೋ ಎಂದು ತೆರೆದು ನೋಡಿ, ಹಾಕಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಒಮ್ಮೆ ಒತ್ತಿ ಹೋಗುತ್ತಾಳೆ. "ನಿನ್ನ ಕಾಲಿಗೊಂದು ಗಂಟೆ ಕಟ್ಟಿದ್ರೆ ಬೀದಿಯೋರಿಗೆ ನಿದ್ದೆ ಇರ್ತಿರಲಿಲ್ಲ ಕಣೆ," ಎಂದು ಅವಳ ಗಂಡ ಬದುಕಿದ್ದಾಗ ಹೇಳುತ್ತಿದ್ದ.

ಶಿಶುವಿಹಾರ ಊರಿನ ಝೆನ್ ಮಠಕ್ಕೆ ಸೇರಿದ್ದು. ಮಠದ ಹಿಂದೆ ಪೈನ್ ಮರಗಳು, ಅದರಾಚೆ ಮರಳು ದಿಬ್ಬದ ಮೇಲೆ ಕರಬೂಜದ ತೋಟಗಳು, ಅದರಾಚೆ ಸಮುದ್ರ. ಮೂವತ್ತೆಂಟು ಮಕ್ಕಳು. ಅಷ್ಟೂ ಮಕ್ಕಳ ಮಧ್ಯಾಹ್ನದ ಊಟ ಮತ್ತು ಮೂರು ಗಂಟೆಯ ತಿಂಡಿ ಹಾತ್ಸುಯೊಳ ಕೈಯಿಂದಲೇ ಆಗಬೇಕು. ಮಕ್ಕಳು ಅವಳನ್ನು ಕರೆಯುವುದು 'ಊಟದ ಟೀಚರ್' ಎಂದು. ಆ ಹೆಸರು ಕೇಳಿದರೆ ಅವಳಿಗೆ ಈಗಲೂ ಒಳಗೊಳಗೇ ಖುಷಿ.

ಅವಳ ಹೆಮ್ಮೆಯೆಲ್ಲ ಇದ್ದದ್ದು ಒಂದು ಬಕೆಟ್ಟಿನಲ್ಲಿ. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ಸುರಿಯುವ ನೀಲಿ ಬಕೆಟ್ಟು. ಹಳೆಯ ಗುರುಗಳು, ಅಂದರೆ ಮಠದ ಯಜಮಾನರು, ದಿನಾ ಒಂದು ಗಂಟೆಗೆ ಬಂದು ಅದರ ಮುಚ್ಚಳ ಎತ್ತಿ ನೋಡುತ್ತಿದ್ದರು. "ಖಾಲಿ," ಎನ್ನುತ್ತಿದ್ದರು. ಅಷ್ಟು ಹೇಳಿ ಹೋಗಿಬಿಡುತ್ತಿದ್ದರು. ಒಂದು ಅಗುಳನ್ನೂ ಬಿಡಬಾರದು ಎಂಬುದು ಮಠದ ನಿಯಮ. ಅಲ್ಲಿಯ ಸನ್ಯಾಸಿಗಳು ಊಟದ ಕೊನೆಗೆ ಬಟ್ಟಲಿಗೆ ಚಹಾ ಸುರಿದು, ತೊಳೆದು, ಆ ಚಹಾವನ್ನೂ ಕುಡಿದುಬಿಡುವವರು. ಅಂಥವರ ಬಾಯಿಂದ 'ಖಾಲಿ' ಎನ್ನಿಸಿಕೊಳ್ಳುವುದು ಸಣ್ಣ ಮಾತಲ್ಲ. ಹಾತ್ಸುಯೊ ಆ ಒಂದು ಮಾತಿನ ಬಲದ ಮೇಲೆ ಮಾರನೆಯ ದಿನದವರೆಗೂ ಓಡಾಡುತ್ತಿದ್ದಳು.

ಮುಂದಿನ ಮಾರ್ಚಿಗೆ ಅವಳ ನಿವೃತ್ತಿ. ತನ್ನ ಕೈಯ ಊಟ ತಿಂದವರು ಎಲ್ಲವನ್ನೂ ತಿನ್ನುತ್ತಾರೆ, ತಟ್ಟೆ ಬರಿದು ಮಾಡಿ ಏಳುತ್ತಾರೆ. ಊರು ತನ್ನ ಬಗ್ಗೆ ಇಷ್ಟು ಹೇಳಿದರೆ ಸಾಕು ಎಂದುಕೊಂಡಿದ್ದಳು.

ಎರಡೂವರೆ ವರ್ಷದ ಹಿಂದೆ ಹಳೆಯ ಗುರುಗಳು ತೀರಿಕೊಂಡರು. ನಮ್ಮ ಕಡೆ ಮಠದ ಗುರುಗಳೂ ಸಂಸಾರಸ್ಥರೇ, ತಂದೆಯ ಮಠ ಮಗನಿಗೆ ಬರುತ್ತದೆ. ಅವರ ಮಗ ಹೋಜುನ್ ಹೊರಗಿನ ದೊಡ್ಡ ಮಠದಲ್ಲಿ ಓದು ಮುಗಿಸಿ ಬಂದು, ಪೂಜೆಯ ಜೊತೆಗೆ ಶಿಶುವಿಹಾರದ ಹೆಡ್‌ಮೇಷ್ಟ್ರ ಕೆಲಸವನ್ನೂ ವಹಿಸಿಕೊಂಡ. ಮೂವತ್ತನಾಲ್ಕು ವರ್ಷ. ಬೋಳಿಸಿದ ತಲೆ, ಉದ್ದ ಕುತ್ತಿಗೆ, ಮೆಲುದನಿ. ಅವನು ಹಾತ್ಸುಯೊಳ ಮೊದಲ ವರ್ಷದ ಮಕ್ಕಳಲ್ಲಿ ಒಬ್ಬ. ಆಗ ಅವನಿಗೆ ಮೂರು ವರ್ಷ, ಎಲ್ಲರೂ 'ಹೋಚಾನ್' ಎನ್ನುತ್ತಿದ್ದರು. ಅವನು ಬಂದಾಗ ಹಾತ್ಸುಯೊ ತನ್ನ ಮಗನೇ ಬಂದಷ್ಟು ಸಂಭ್ರಮಪಟ್ಟಳು. ಬಂದವನು ಬಕೆಟ್ಟಿನ ಮುಚ್ಚಳ ಎತ್ತಿ ನೋಡಲೇ ಇಲ್ಲ. ಒಂದು ದಿನವೂ ಇಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ ಅವನು ಅಡುಗೆಮನೆಯ ಅರ್ಧ ಬಾಗಿಲಿನ ಆಚೆ ಬಂದು ನಿಂತ.

"ಹಾತ್ಸುಯೊಸಾನ್, ಬುಧವಾರ ಬುಧವಾರ ದೊಡ್ಡ ಮಕ್ಕಳನ್ನ ಒಳಗೆ ಬಿಟ್ಕೊಳ್ಳೋಣ. ತರಕಾರಿ ಅವ್ರೇ ತೊಳೀಲಿ, ಸುಲೀಲಿ, ಹರೀಲಿ. ಬಾಯಿಗಿಟ್ಟು ನೋಡ್ಲಿ."

"ಒಳಗೆ ಅಂದ್ರೆ? ಒಲೆ ಹತ್ರ?"

"ಒಲೆ ಹತ್ರ ನೀವಿರ್ತೀರಲ್ಲ."

"ಬಾಯಿಗಿಟ್ಟು ಬೇಡ ಅಂದ್ರೆ?"

"ಉಗುಳಲಿ. ಪಕ್ಕದಲ್ಲಿ ಕಾಗದ ಇಡೋಣ. ಊಟದಲ್ಲೂ ಅಷ್ಟೇ, ಇನ್ಮೇಲೆ ಯಾರಿಗೂ ಮುಗಿಸು ಅಂತ ಹೇಳೋದು ಬೇಡ."

ಆ ಸಂಜೆ ಗಂಡನ ಫೋಟೊದ ಮುಂದೆ ಅನ್ನದ ಬಟ್ಟಲು ಇಡುತ್ತ ಹಾತ್ಸುಯೊ ಮನಸ್ಸಿನಲ್ಲಿದ್ದುದನ್ನೆಲ್ಲ ಕಕ್ಕಿದಳು. "ಉಗುಳಲಿ ಅಂತಾನೆ, ಕೇಳಿದ್ರಾ? ಅನ್ನ ಉಗುಳೋದಂತೆ! ಮಠದಲ್ಲಿ ಹುಟ್ಟಿದ ಮಗ!" ಆಮೇಲೆ ಎದ್ದು ಗ್ಯಾಸು ಆರಿಸಿದ್ದೇನೆಯೇ ಎಂದು ಎರಡು ಸಲ ನೋಡಿಬಂದಳು.

ಬುಧವಾರಗಳು ಶುರುವಾದವು. ಐದು ವರ್ಷದ ಹದಿನೆಂಟು ಮಕ್ಕಳು ತಲೆಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ಬರುವರು. ಅವರ ಟೀಚರ್ ಮಾದೊಕಾ, ಇಪ್ಪತ್ತಾರರ ಹುಡುಗಿ, ಯಾವುದಕ್ಕೂ ಗಾಬರಿಯಾಗದವಳು. ಎಲೆಕೋಸು ಹರಿಯುವುದು, ಅಣಬೆ ಬಿಡಿಸುವುದು, ಬಟಾಣಿ ಸುಲಿಯುವುದು. ಒಬ್ಬ ಹುಡುಗ ಎಲೆಕೋಸನ್ನು ಹರಿದು ಹರಿದು ಇರುವೆಗೆ ಊಟವಾಗುವಷ್ಟು ಸಣ್ಣದು ಮಾಡಿದ. ಜೋಳದ ದಿನ ಕೊಯೊಮಿ ಎಂಬ ಹುಡುಗಿ ತೆನೆಯ ಕೂದಲನ್ನು ಮೂಗಿನ ಕೆಳಗೆ ಹಿಡಿದುಕೊಂಡು, "ನಾನು ತಾತ! ನನಗೆ ಬೀರು ತಗೊಂಡ್ಬಾ!" ಎಂದು ಗದರಿಸಿದಳು. ಎಲ್ಲರೂ ನಕ್ಕರು. ಹಾತ್ಸುಯೊ ಮಾತ್ರ ನೆಲಕ್ಕೆ ಬಿದ್ದ ಸಿಪ್ಪೆಯ ಹಿಂದೆ, ಒಲೆಯ ಕಡೆ ತಿರುಗಿದ ಮೊಣಕೈಯ ಹಿಂದೆ, ಬಾಯಿಗೆ ಹೋದ ಬೆರಳಿನ ಹಿಂದೆ ಓಡುತ್ತಿದ್ದಳು.

"ಊಟದ ಟೀಚರ್," ಎಂದಳು ಕೊಯೊಮಿ, "ನಿಮಗೆ ಉಚ್ಚೆ ಬಂದಿದ್ರೆ ಹೋಗ್ಬನ್ನಿ. ನಾವು ನೋಡ್ಕೋತೀವಿ."

"ನನಗೇನೂ ಬಂದಿಲ್ಲ."

"ಮತ್ಯಾಕೆ ಹಂಗೆ ಕುಣೀತಿದ್ದೀರ?"

"ಹಾತ್ಸುಯೊಸಾನ್, ನಿಜವಾಗ್ಲೂ ಒಂದ್ನಿಮಿಷ ಕೂತ್ಕೊಳ್ಳಿ," ಎಂದಳು ಮಾದೊಕಾ. "ನಿಮ್ಮನ್ನ ನೋಡಿ ನಂಗೇ ತಲೆ ತಿರುಗ್ತಿದೆ."

ಕೂರುವುದಾದರೂ ಎಲ್ಲಿ? ಕುರ್ಚಿಯ ಮೇಲೆ ಈರುಳ್ಳಿ ಇತ್ತು.

ಬಕೆಟ್ಟಿನ ತಳ ಕಾಣದಂತಾಯಿತು. ಮುಗಿಸು ಎನ್ನುವವರಿಲ್ಲದ ಮೇಲೆ ಮಕ್ಕಳು ಬಿಟ್ಟರು. ಕ್ಯಾರೆಟ್ ಬಿಟ್ಟರು, ಪಾಲಕ್ ಬಿಟ್ಟರು, ಅಣಬೆ ಬಿಟ್ಟರು. ದಿನಾ ಒಂದು ಗಂಟೆಗೆ ಹಾತ್ಸುಯೊ ತಾನೇ ಮುಚ್ಚಳ ಎತ್ತಿ ನೋಡಿ, ಯಾರೋ ಕೆನ್ನೆಗೆ ಹೊಡೆದ ಹಾಗೆ ನಿಂತುಬಿಡುತ್ತಿದ್ದಳು. ಅವಳಿಗೆ ಉಳಿದಿದ್ದ ಸಮಾಧಾನ ಒಂದೇ. ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮುಂಚೆ ಹೆಡ್‌ಮೇಷ್ಟ್ರು ಆ ದಿನದ ಊಟವನ್ನು ಉಂಡು, ಸರಿಯಿದೆ ಎಂದು ಪುಸ್ತಕದಲ್ಲಿ ಮುದ್ರೆ ಒತ್ತಬೇಕು. ಅದು ಎಲ್ಲ ಶಿಶುವಿಹಾರಗಳ ನಿಯಮ. ಹೋಜುನ್ ದಿನಾ ಹತ್ತೂಮುಕ್ಕಾಲಿಗೆ ಆಫೀಸಿನಲ್ಲಿ ಒಬ್ಬನೇ ಕೂತು ಉಣ್ಣುತ್ತಿದ್ದ. ತಟ್ಟೆ ವಾಪಸು ಬರುವಾಗ ತೊಳೆದಂತೆ ಇರುತ್ತಿತ್ತು. ಜೊತೆಗೆ ದೊಡ್ಡ ಲೋಟದ ಚಹಾ, ಅದೂ ಖಾಲಿ. ಏನೇ ಹೊಸ ಮಾತಾಡಿದರೂ ಮಠದ ರೀತಿ ಮರೆತಿಲ್ಲ ಎಂದು ಅವಳು ಅಂದುಕೊಂಡಿದ್ದಳು.

ಜುಲೈ ತಿಂಗಳ ಎರಡನೆಯ ಬುಧವಾರ ಸೌತೆಕಾಯಿ. ಹಸಿ ತರಕಾರಿಯನ್ನು ಚಿಕ್ಕ ಮಕ್ಕಳಿಗೆ ಕೊಡುವ ಹಾಗಿಲ್ಲವಲ್ಲ, ಹಾತ್ಸುಯೊ ಬೆಳಿಗ್ಗೆಯೇ ಹೋಳು ಮಾಡಿ ಬಿಸಿನೀರಿಗೆ ಹಾಕಿ ತೆಗೆದು ಆರಿಸಿದ್ದಳು. ಮಕ್ಕಳು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಒಂದು ಚಿಟಿಕೆ ಉಪ್ಪು ಬೆರೆಸಿ, ಹಿಸುಕಿ ನೀರು ತೆಗೆಯಬೇಕು. ಅದಕ್ಕೆ ಕಡಲಸೊಪ್ಪು, ವಿನಿಗರ್ ಕೂಡಿಸಿದರೆ ಪಲ್ಯ ಸಿದ್ಧ. ಆದರೆ ಮೂವತ್ತೊಂದು ವರ್ಷದ ರೂಢಿ, ಬೆಳಿಗ್ಗೆ ಏಳೂವರೆಗೆ ಅವಳ ಕೈ ತಾನಾಗಿಯೇ ಇಡೀ ಪಾತ್ರೆಗೆ ಉಪ್ಪು ಹಾಕಿಬಿಟ್ಟಿತ್ತು. ಆಮೇಲೆ ಮಕ್ಕಳು ಬಂದರು. ಚಿಟಿಕೆ ಎಂದರೆ ಹದಿನೆಂಟು ಮಕ್ಕಳಿಗೆ ಹದಿನೆಂಟು ಅಳತೆ. ಕೊಯೊಮಿಯ ಚಿಟಿಕೆ ಒಂದು ಹಿಡಿ. ಯಾರದೋ ಚೀಲ ಒಡೆದು ನೆಲವೆಲ್ಲ ನೀರಾಯಿತು, ಒಬ್ಬ ಜಾರಿ ಬಿದ್ದು ಅತ್ತ, ಅವನ ಪ್ಯಾಂಟು ಬದಲಿಸಲು ಮಾದೊಕಾ ಹೋದಳು. ಹಾತ್ಸುಯೊ ಒಂದು ಕೈಯಲ್ಲಿ ನೆಲ ಒರೆಸುತ್ತ, ಇನ್ನೊಂದು ಕೈಯಲ್ಲಿ ಮೀನು ತಿರುವುತ್ತ ಇದ್ದಳು. ಸೌತೆಕಾಯಿಯ ರುಚಿ ನೋಡಲಿಲ್ಲ. ಅವಳ ಜೀವಮಾನದಲ್ಲಿ ಅದೇ ಮೊದಲು.

ಹತ್ತೂಮುಕ್ಕಾಲಿಗೆ ಹೆಡ್‌ಮೇಷ್ಟ್ರ ತಟ್ಟೆ ಹೋಯಿತು. ಖಾಲಿಯಾಗಿ ಬಂತು. "ಚೆನ್ನಾಗಿತ್ತು," ಎಂದ. ಮುದ್ರೆ ಬಿತ್ತು.

ಹನ್ನೊಂದೂಕಾಲಿಗೆ ಊಟದ ಮನೆಯಿಂದ ಕೂಗು ಕೇಳಿಸಿತು.

"ಥೂ! ಸಮುದ್ರ!" ಎಂದು ಕಿರುಚಿದವಳು ಕೊಯೊಮಿ. "ಊಟದ ಟೀಚರ್ ಸಮುದ್ರ ಬಡಿಸಿದ್ದಾರೆ!"

ಹದಿನೆಂಟೂ ಮಕ್ಕಳು ಕಾಗದ ಹುಡುಕುತ್ತಿದ್ದರು. ಮಾದೊಕಾ ಒಂದು ಹೋಳು ಬಾಯಿಗೆ ಹಾಕಿಕೊಂಡವಳೇ ಮುಖ ಕಿವಿಚಿ, ಚಿಕ್ಕ ಮಕ್ಕಳ ಮೇಜಿನ ಕಡೆ ಓಡಿ ಬಟ್ಟಲುಗಳನ್ನು ಕಿತ್ತುಕೊಂಡಳು. ಪುಣ್ಯಕ್ಕೆ ಅವರಿನ್ನೂ ಶುರು ಮಾಡಿರಲಿಲ್ಲ. ಹಾತ್ಸುಯೊ ಅಡುಗೆಮನೆಗೆ ಬಂದು ಪಾತ್ರೆಯಿಂದ ಒಂದು ಹೋಳು ತೆಗೆದು ತಿಂದಳು. ನಾಲಿಗೆ ಸುಟ್ಟಂತಾಯಿತು.

ಮೊದಲು ನಾಚಿಕೆಯಾಯಿತು. ಮಾದೊಕಾಳ ಮುಂದೆ, ಮಕ್ಕಳ ಮುಂದೆ ತಲೆ ಬಗ್ಗಿಸಿ ಬಗ್ಗಿಸಿ ಕ್ಷಮೆ ಕೇಳಿದಳು. ಹೋಜುನ್ ಬಂದು, "ನಾನೇ ಮುದ್ರೆ ಒತ್ತಿದ್ದು, ತಪ್ಪು ನಂದು," ಎಂದು ಅವಳಿಗಿಂತ ಕೆಳಕ್ಕೆ ತಲೆ ಬಗ್ಗಿಸಿದ. ನಾಚಿಕೆಯ ಹಿಂದೆಯೇ ಇನ್ನೊಂದು ವಿಚಾರ ಬಂದು ತಲೆ ಹೊಕ್ಕಿತು. ಅವನು ಇದನ್ನು ಒಂದು ಬಟ್ಟಲು ಪೂರ್ತಿ ಹೇಗೆ ತಿಂದ?

ಮಕ್ಕಳು ಮಲಗಿದ ಮೇಲೆ ಶಿಶುವಿಹಾರದಲ್ಲಿ ಎರಡು ಗಂಟೆ ಸದ್ದಿಲ್ಲ. ಆ ದಿನ ಹಾತ್ಸುಯೊ ಆ ಎರಡು ಗಂಟೆಯನ್ನು ಸಿಂಕಿನಿಂದ ಬಾಗಿಲಿಗೆ, ಬಾಗಿಲಿನಿಂದ ಸಿಂಕಿಗೆ ನಡೆದೇ ಕಳೆದಳು. ಹೋಜುನ್ ತಿನ್ನುವುದೇ ಇಲ್ಲವೇನೋ. ಕಿಟಕಿಯಿಂದ ಆಚೆ ಸುರಿಯುತ್ತಾನೇನೋ. ಇಷ್ಟು ದಿನ ತನ್ನ ಅಡುಗೆ ಮಠದ ಬೆಕ್ಕಿಗೆ ಹೋಗಿದೆಯೋ ಏನೋ! ಯೋಚಿಸಿದಷ್ಟೂ ಮೈ ಉರಿಯಿತು. ರುಚಿ ನೋಡದೆ ಮುದ್ರೆ ಒತ್ತುವವನು ತನಗೆ ಪಾಠ ಹೇಳುತ್ತಾನೆಯೇ, ಉಗುಳಲಿ ಅಂತ?

ಮಾರನೆಯ ದಿನ ಅವಳು ಒಂದು ಕಿತಾಪತಿ ಮಾಡಿದಳು. ಊಟಕ್ಕೆ ಬೇಯಿಸಿದ ಸಿಹಿ ಕುಂಬಳಕಾಯಿ. ಹೆಡ್‌ಮೇಷ್ಟ್ರ ಬಟ್ಟಲಿಗೆ ಮಾತ್ರ ಎರಡು ಚಮಚ ವಿನಿಗರ್ ಸುರಿದು ಕಲಸಿದಳು. ತಟ್ಟೆ ಹೋಯಿತು. ಅವಳು ಆಫೀಸಿನ ಕಿಟಕಿಯ ಹೊರಗೆ ಕಳೆ ಕೀಳುವ ನೆಪದಲ್ಲಿ ಹತ್ತು ನಿಮಿಷ ಬಗ್ಗಿದ್ದಳು. ಕಿಟಕಿಯಿಂದ ಏನೂ ಬೀಳಲಿಲ್ಲ. ತಟ್ಟೆ ಖಾಲಿಯಾಗಿ ಬಂತು.

"ಕುಂಬಳಕಾಯಿ ಚೆನ್ನಾಗಿತ್ತು," ಎಂದ ಹೋಜುನ್. "ಸಿಹಿಯಾಗಿತ್ತು."

ಆ ಸಂಜೆ ಹಾತ್ಸುಯೊ ಊಟವನ್ನೇ ಮಾಡಲಿಲ್ಲ.

ಶುಕ್ರವಾರ ಅವಳು ತಟ್ಟೆ ಇಟ್ಟು ಹೊರಬಂದವಳು ಸರಿಸುವ ಬಾಗಿಲನ್ನು ಎರಡು ಬೆರಳಷ್ಟು ಬಿಟ್ಟು, ಅಲ್ಲೇ ನಿಂತಳು. ಇಣುಕಿ ನೋಡುವುದು ಮರ್ಯಾದಸ್ಥರ ಕೆಲಸವಲ್ಲ ಎಂದು ಗೊತ್ತಿತ್ತು. ಕಾಲು ಕೇಳಲಿಲ್ಲ.

ಹೋಜುನ್ ಕೈ ಮುಗಿದ. ಚಹಾದ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡ. ಭುಜಗಳು ಕಿವಿಯವರೆಗೆ ಏರಿದವು. ಉಸಿರು ಹಿಡಿದ. ಕ್ಯಾರೆಟ್ಟಿನ ತುಂಡೊಂದು ಬಾಯೊಳಗೆ ಹೋಯಿತು, ಅಗಿಯದೆ ಗಂಟಲಿಗೆ ಇಳಿಯಿತು, ಅದರ ಹಿಂದೆ ಒಂದು ಗುಟುಕು ಚಹಾ. ಮತ್ತೆ ಉಸಿರು. ಮತ್ತೆ ಒಂದು ತುಂಡು. ಮೇಜಿನ ಕೆಳಗೆ ಬಿಳಿಯ ಕಾಲುಚೀಲದೊಳಗೆ ಅವನ ಕಾಲ್ಬೆರಳುಗಳು ಮುದುಡಿಕೊಂಡಿದ್ದವು. ಎಲ್ಲ ಮುಗಿದ ಮೇಲೆ ಕಣ್ಣಂಚಿನ ನೀರು ಒರೆಸಿಕೊಂಡು, ಮುದ್ರೆಗೆ ಕೈ ಹಾಕಿದ.

ಹಾತ್ಸುಯೊಗೆ ಆ ಭುಜಗಳು ಗೊತ್ತಿದ್ದವು. ಎಲ್ಲಿ ನೋಡಿದ್ದೆ ಎಂದು ನೆನಪಾಗಲು ಮಧ್ಯಾಹ್ನದವರೆಗೆ ಬೇಕಾಯಿತು. ನೆನಪಾದ ಕೂಡಲೇ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು, ಮಕ್ಕಳು ಮಲಗಿದ್ದ ಕೋಣೆಯ ಮುಂದೆ ತುದಿಗಾಲಲ್ಲಿ ನಡೆದು, ನೇರವಾಗಿ ಆಫೀಸಿಗೆ ಹೋದಳು.

"ಹೆಡ್‌ಮೇಷ್ಟ್ರೇ, ನಿನ್ನೆ ಕುಂಬಳಕಾಯಿ ಸಿಹಿ ಇತ್ತಾ?"

"ಇತ್ತಲ್ಲ."

"ಅದಕ್ಕೆ ವಿನಿಗರ್ ಸುರಿದಿದ್ದೆ ನಾನು."

ಅವನ ಕಿವಿ ಕೆಂಪಾಯಿತು. ಮುದ್ರೆಯ ಪುಸ್ತಕದ ಅಂಚನ್ನು ಸರಿಮಾಡಿದ.

"ಬಾಯಲ್ಲಿ ಉಳಿಸ್ಕೊಳ್ಳೋಕೆ ಬರಲ್ಲ ಹಾತ್ಸುಯೊಸಾನ್," ಎಂದ. "ಒಳಗೆ ಹೋದ ತಕ್ಷಣ ನುಂಗ್ಬಿಡ್ತೀನಿ. ಉಸಿರು ಹಿಡಿದ್ರೆ ರುಚಿ ಗೊತ್ತಾಗಲ್ಲ. ಮೇಲೆ ಚಹಾ ಕುಡಿದ್ರೆ ಆಯ್ತು. ಮಠದಲ್ಲಿ ಯಾರೂ ಏನೂ ಅನ್ಕೊಳ್ಳಲ್ಲ, ಎಲ್ರೂ ಚಹಾ ಕುಡೀತಾರೆ. ಇನ್ಮೇಲೆ ರುಚಿ ನೋಡೋದು ಮಾದೊಕಾ ಟೀಚರ್ ಮಾಡ್ಲಿ. ಇದನ್ನ ನಾನು ಮೊದಲೇ ಹೇಳ್ಬೇಕಿತ್ತು. ಮಕ್ಕಳ ವಿಷಯ, ದೊಡ್ಡ ತಪ್ಪಾಯ್ತು."

"ಯಾವಾಗಿಂದ ಹೀಗೆ?"

"ಚಿಕ್ಕಂದಿನಿಂದ."

"ಯಾರು ಕಲಿಸಿದ್ದು?"

ಅವನು ಅವಳ ಮುಖ ನೋಡದೆ, "ಯಾರೂ ಕಲಿಸಲಿಲ್ಲ," ಎಂದ. "ನಾನೇ ಕಲಿತೆ. ಊಟದ ಮನೇಲಿ, ಕಿಟಕಿ ಪಕ್ಕದ ಜಾಗದಲ್ಲಿ."

ಕಿಟಕಿ ಪಕ್ಕದ ಜಾಗ. ಹಾತ್ಸುಯೊ ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಮೂವತ್ತು ವರ್ಷದ ಹೆಂಗಸು, ಮರಳು ದಿಬ್ಬದ ಕರಬೂಜದವರ ಮಗಳು, ಓದು ಕಡಿಮೆ. ಈ ಕೆಲಸ ಹೋದರೆ ಮತ್ತೆ ಬಿಸಿಲಲ್ಲಿ ಬಳ್ಳಿ ಕಟ್ಟಬೇಕು ಎಂಬ ಭಯ. ದಿನಾ ಒಂದು ಗಂಟೆಗೆ ಗುರುಗಳು ಬಂದು ಮುಚ್ಚಳ ಎತ್ತುವರು. ಅಂಥಾದ್ದರಲ್ಲಿ ಗುರುಗಳ ಸ್ವಂತ ಮಗನೇ ದೊಣ್ಣೆ ಮೆಣಸಿನಕಾಯಿ ಬಿಟ್ಟರೆ? ಉಳಿದ ಮಕ್ಕಳೆಲ್ಲ ಮಲಗಲು ಹೋದ ಮೇಲೂ ಅವನನ್ನು ತಟ್ಟೆಯ ಮುಂದೆ ಕೂರಿಸಿ, ತಾನೂ ಪಕ್ಕದಲ್ಲಿ ಕೂರುತ್ತಿದ್ದಳು. ಹೌದು, ಆಗ ಅವಳು ಕೂರುತ್ತಿದ್ದಳು. ಮಕ್ಕಳು ಎದ್ದು ಬಂದರೂ ಇವನಿನ್ನೂ ತಟ್ಟೆಯ ಮುಂದೆಯೇ ಇರುತ್ತಿದ್ದ ದಿನಗಳಿದ್ದವು.

"ನಾನು ಹೊಡೆದಿಲ್ಲ," ಎಂದಳು ಹಾತ್ಸುಯೊ. ದನಿ ಏರಿತ್ತು. "ಒಂದು ಸಲಾನೂ ನಿಮ್ಮ ಮೇಲೆ ಕೈ ಎತ್ತಿಲ್ಲ."

"ಇಲ್ಲ, ಇಲ್ಲ. ನೀವು ಬೈದೂ ಇಲ್ಲ. ಬೆನ್ನು ಸವರ್ತಿದ್ರಿ."

"ಮತ್ತೆ?"

"ನಾನು ಕಹಿ ಅಂತಿದ್ದೆ. ನೀವು, ಕಹಿ ಇಲ್ಲ ಹೋಚಾನ್, ಕಹಿ ಇಲ್ಲ, ತಿನ್ನು ಅಂತಿದ್ರಿ. ದಿನಾ. ಅಷ್ಟು ಸಲ ಕೇಳಿದ್ಮೇಲೆ ನನ್ನ ನಾಲಿಗೆನೇ ಸರಿಯಿಲ್ಲ ಅಂದ್ಕೊಂಡೆ. ಆಮೇಲೆ ಅದನ್ನ ಕೇಳೋದೇ ಬಿಟ್ಟೆ."

ಅವನು ಅದನ್ನು ದೂರಿನ ಹಾಗೆ ಹೇಳಲಿಲ್ಲ. ಪಕ್ಕದ ಊರಿಗೆ ಯಾವ ಬಸ್ಸು ಹೋಗುತ್ತದೆ ಎಂದು ಹೇಳುವ ದನಿಯಲ್ಲಿ ಹೇಳಿದ. ಹಾತ್ಸುಯೊಗೆ ಅದೇ ಹೆಚ್ಚು ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ಈ ಬುಧವಾರಗಳು ನಿಮ್ಮನ್ನ ಹಂಗಿಸೋಕಲ್ಲ," ಎಂದ ಅವನು. "ಆ ಮಕ್ಕಳು ಬಾಯಲ್ಲಿ ಇಟ್ಕೊಂಡು ಯೋಚನೆ ಮಾಡ್ತಾರಲ್ಲ, ಅದನ್ನ ನೋಡೋಕೆ ನಂಗೆ ಆಸೆ. ಅಷ್ಟೇ."

ಶನಿವಾರ, ಭಾನುವಾರ ಹಾತ್ಸುಯೊಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ತಲೆಯೊಳಗೆ ಮೂವತ್ತೊಂದು ವರ್ಷದ ಖಾಲಿ ತಟ್ಟೆಗಳು. ಅವುಗಳಲ್ಲಿ ಎಷ್ಟು ಉಂಡು ಖಾಲಿಯಾದವು, ಎಷ್ಟು ನುಂಗಿ ಖಾಲಿಯಾದವು? ಅವಳಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ದಾರಿಯೂ ಇರಲಿಲ್ಲ. ಆದರೂ ಸೈಕಲ್ ಹತ್ತಿ ಹೊರಟಳು. ಪೋಸ್ಟಾಫೀಸಿನ ಹುಡುಗಿ, ಮೀನು ಮಾರುಕಟ್ಟೆಯ ಇಬ್ಬರು ಅಣ್ಣತಮ್ಮಂದಿರು, ಪೆಟ್ರೋಲ್ ಬಂಕಿನವನು, ಎಲ್ಲ ಅವಳ ಕೈಯ ಊಟ ತಿಂದವರೇ. ಅಂಗಡಿಯಲ್ಲಿ ತರಕಾರಿಯ ಮುಂದೆ ನಿಂತಿದ್ದ ಮೂವತ್ತೈದರ ಹತ್ತಿರದ ಲಾರಿ ಡ್ರೈವರ್ ಒಬ್ಬನ ಬುಟ್ಟಿಯೊಳಗೆ ಇಣುಕಿ, "ಏನೋ, ಪಾಲಕ್ ತಿಂತೀಯಾ ಈಗ?" ಎಂದು ಕೇಳಿಯೇಬಿಟ್ಟಳು.

ಅವನು ಗಾಬರಿಯಾಗಿ ಟೋಪಿ ತೆಗೆದ. "ತಿಂತೀನಿ, ಊಟದ ಟೀಚರ್! ಎಲ್ಲಾ ತಿಂತೀನಿ!"

"ರುಚಿ ಇರುತ್ತಾ?"

"ಹಾಂ?"

"ರುಚಿ ಇರುತ್ತೇನೋ ಅಂತ ಕೇಳ್ದೆ."

ಅವನು ಆಚೆ ಈಚೆ ನೋಡಿ, "ಬಿಡೋದಿಲ್ಲ ಟೀಚರ್, ಯಾವತ್ತೂ ಬಿಟ್ಟಿಲ್ಲ," ಎಂದು ತಲೆ ಬಗ್ಗಿಸಿ ಹೋದ. ಒಂದು ವಾರದ ಹಿಂದೆ ಈ ಮಾತು ಕೇಳಿದ್ದರೆ ಹಾತ್ಸುಯೊ ಇಡೀ ಬೀದಿಗೆ ಹೇಳಿಕೊಂಡು ಬರುತ್ತಿದ್ದಳು. ಈಗ ತರಕಾರಿ ಕೊಳ್ಳುವುದನ್ನೂ ಮರೆತು ಬರಿಗೈಯಲ್ಲಿ ಮನೆಗೆ ಬಂದಳು.

ಮುಂದಿನ ಬುಧವಾರ ಅವಳೇ ಹೇಳಿ ದೊಣ್ಣೆ ಮೆಣಸಿನಕಾಯಿ ತರಿಸಿದಳು. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕವು, ಕಡು ಹಸಿರಿನವು. ಚಾಕು ಬೇಕಿಲ್ಲ, ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿದರೆ ಪಟ್ ಎಂದು ಒಡೆಯುತ್ತವೆ. ಹದಿನೆಂಟು ಹೆಬ್ಬೆರಳು, ಹದಿನೆಂಟು ಪಟ್. ಬೀಜಗಳು ಮೇಜಿನ ತುಂಬ ಚೆಲ್ಲಿದವು, ನೆಲಕ್ಕೆ ಬಿದ್ದವು. ಹಾತ್ಸುಯೊ ಪೊರಕೆಗೆ ಕೈ ಹಾಕಿದವಳು ಹಾಗೇ ಬಿಟ್ಟಳು. ಮಕ್ಕಳು ಹರಿದ ಚೂರುಗಳನ್ನು ಕುದಿಯುವ ನೀರಿಗೆ ಹಾಕಿ ತೆಗೆದು, ಸೋಯಾ ಸಾಸ್ ಚಿಮುಕಿಸಿ, ಪ್ರತಿಯೊಬ್ಬರ ಮುಂದೆ ಒಂದೊಂದು ತುಂಡು, ಒಂದೊಂದು ಕಾಗದ ಇಟ್ಟಳು.

ಕೊಯೊಮಿ ಮೊದಲು ಮೂಸಿದಳು. ಆಮೇಲೆ ನಾಲಿಗೆಯ ತುದಿಗೆ ತಾಗಿಸಿದಳು. ಆಮೇಲೆ ಬಾಯಿಗೆ ಹಾಕಿಕೊಂಡು, ಮೇಲೆ ನೋಡುತ್ತ, ಲೆಕ್ಕ ಬಿಡಿಸುವವಳಂತೆ ಅಗಿದಳು. ಹಾತ್ಸುಯೊಳ ಗಂಟಲಿಗೆ ಹಳೆಯ ಮಾತು ಬಂದು ನಿಂತಿತು. ಅದನ್ನು ತಡೆಯಲು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದಳು. ಕೊಯೊಮಿ ಕಾಗದಕ್ಕೆ ಉಗುಳಿ, ನೀಟಾಗಿ ಮಡಿಸಿ, "ಇವತ್ತಿಗೆ ಬೇಡ," ಎಂದಳು. "ಮುಂದಿನ ಸಲ ಮತ್ತೆ ನೋಡ್ತೀನಿ."

"ನೋಡು," ಎಂದಳು ಹಾತ್ಸುಯೊ. ಎಷ್ಟು ಕಷ್ಟದ ಮಾತು ಅದು!

ಹತ್ತೂಮುಕ್ಕಾಲಿಗೆ ರುಚಿ ನೋಡುವ ತಟ್ಟೆ ಮಾದೊಕಾಳ ಕೈಗೆ ಹೋಯಿತು. ಅವಳು ಎಲ್ಲವನ್ನೂ ಅಗಿದು ತಿಂದು, ಸಾರಿಗೆ ಸ್ವಲ್ಪ ಉಪ್ಪು ಕಡಿಮೆ ಎಂದೂ ಹೇಳಿದಳು. ಹಾತ್ಸುಯೊ ಸಾರಿಗೆ ಉಪ್ಪು ಬೆರೆಸಿ, ಇನ್ನೊಂದು ಚಿಕ್ಕ ಬಟ್ಟಲು ತೆಗೆದುಕೊಂಡು ಆಫೀಸಿಗೆ ನಡೆದಳು. ಬಟ್ಟಲಿನಲ್ಲಿ ದೊಣ್ಣೆ ಮೆಣಸಿನಕಾಯಿಯ ಒಂದೇ ತುಂಡು. ಚಹಾ ಒಯ್ಯಲಿಲ್ಲ.

ಹೋಜುನ್ ಬಟ್ಟಲು ನೋಡಿದ. ಅವಳನ್ನು ನೋಡಿದ. ಲೋಟ ಇರುತ್ತಿದ್ದ ಜಾಗಕ್ಕೆ ಅವನ ಕೈ ತಾನಾಗಿ ಹೋಗಿ, ಏನೂ ಸಿಗದೆ ಹಿಂದೆ ಬಂತು.

"ತಿನ್ನಿ ಅಂತ ತಂದಿಲ್ಲ," ಎಂದಳು ಹಾತ್ಸುಯೊ. "ಬೇಕಾದ್ರೆ ನೋಡಿ. ಬೇಡದಿದ್ರೆ ನಾನು ತಗೊಂಡ್ಹೋಗ್ತೀನಿ, ಅದೇನು ದೊಡ್ಡ ವಿಷಯ ಅಲ್ಲ."

ಎದುರಿನ ಕುರ್ಚಿ ಎಳೆದುಕೊಂಡು ಅವಳು ಕೂತಳು. ಕಾಲು ಅಲುಗುತ್ತಲೇ ಇತ್ತು, ಅದನ್ನು ನಿಲ್ಲಿಸುವುದು ಅವಳ ಕೈಯಲ್ಲಿರಲಿಲ್ಲ. ಆಚೆ ಊಟದ ಮನೆಯಲ್ಲಿ ಮಕ್ಕಳು ಮೇಜು ಎಳೆಯುವ ಸದ್ದು. ಹೋಜುನ್ ಬಹಳ ಹೊತ್ತು ಆ ತುಂಡನ್ನೇ ನೋಡುತ್ತ ಕೂತ. ಕೊನೆಗೆ ಬಾಯಿಗೆ ಹಾಕಿಕೊಂಡ. ಭುಜ ಮೇಲೇರಿತು, ಉಸಿರು ನಿಂತಿತು, ಗಂಟಲು ನುಂಗಲು ಸಿದ್ಧವಾಯಿತು.

"ಉಸಿರಾಡಿ," ಎಂದಳು ಹಾತ್ಸುಯೊ ಮೆಲ್ಲಗೆ.

ಅವನು ಮೂಗಿನಿಂದ ಉಸಿರೆಳೆದ. ಒಂದು ಸಲ ಅಗಿದ. ಇನ್ನೊಂದು ಸಲ. ಮುಖ ಸಿಂಡರಿಸಿತು, ಕಣ್ಣಲ್ಲಿ ನೀರು ತುಂಬಿತು, ಅವನು ಸುತ್ತಲೂ ಕಾಗದಕ್ಕಾಗಿ ನೋಡಿದ. ಕಾಗದ ತರುವುದು ಅವಳಿಗೆ ಮರೆತೇಹೋಗಿತ್ತು. ಹಾತ್ಸುಯೊ ಮೇಜಿನ ಮೇಲೆ ಬಗ್ಗಿ, ಅವನ ಗಲ್ಲದ ಕೆಳಗೆ ತನ್ನ ಅಂಗೈ ಚಾಚಿದಳು. ಮಠದ ಗುರುಗಳ ಮಗ, ಶಿಶುವಿಹಾರದ ಹೆಡ್‌ಮೇಷ್ಟ್ರು, ಆ ಅಂಗೈಗೆ ಉಗುಳಿದ.

"ಕಹಿ," ಎಂದ.

ಅವಳು ಅಂಗೈ ಮುಚ್ಚಿಕೊಂಡಳು.

"ಹೌದು ಹೋಚಾನ್," ಎಂದಳು. "ಕಹಿನೇ. ಆವತ್ತೂ ಕಹಿನೇ ಇತ್ತು."